ಮಕ್ಕಳ ಫೋಟೋ ಹಾಕುವ ಮುಂಚೆ: ಸ್ಟುಡಿಯೋದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. 36 ಚಿತ್ರಗಳ ರೋಲು ಮುಗಿಯಲಿ ಎಂದು ಕಾದು ತೊಳೆಯುತ್ತಿದ್ದ ಕಾಲದಿಂದ ನಾಮಕರಣ, ಚೌಲ, ಉಪನಯನ, ಶಾಲೆಯ ಗುಂಪು ಚಿತ್ರ ಎಲ್ಲವನ್ನೂ ತೆಗೆಯುತ್ತ ಬಂದಿದ್ದೇನೆ. ಪಾಸ್‌ಪೋರ್ಟ್ ಫೋಟೋ ಅಚ್ಚಾಗುವ ಹತ್ತು ನಿಮಿಷ ಬೆಂಚಿನ ಮೇಲೆ ಕುಳಿತ ಅಪ್ಪ ಅಮ್ಮಂದಿರು ಈಚೆಗೆ ಹೆಚ್ಚಾಗಿ ಮಕ್ಕಳ ಫೋಟೋವನ್ನು ಫೇಸ್‌ಬುಕ್ಕಿಗೋ ವಾಟ್ಸಾಪಿಗೋ ಹಾಕುವ ವಿಷಯವನ್ನೇ ಎತ್ತುತ್ತಾರೆ. ಸಾಗರ, ಹೊಸನಗರದ ಕಡೆಯಿಂದ ಫೋನ್ ಮಾಡಿದವರೂ ಇದ್ದಾರೆ. ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜ ಕಾಗದವನ್ನೇ ಬರೆದಿದ್ದರು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ, ಯಾರೆಂದು ತಿಳಿಯುವಂಥ ವಿವರ ತೆಗೆದಿದ್ದೇನೆ. ನಾನು ವಕೀಲನಲ್ಲ. ಕಾನೂನು ಬಂದ ಕಡೆ ಕಾಯ್ದೆಯಲ್ಲಿ ಇರುವಷ್ಟನ್ನು ಮಾತ್ರ ಹೇಳಿದ್ದೇನೆ.

## ಶುರುವಿನಲ್ಲಿ ಕೇಳುವವು

ನಮ್ಮ ಮಗುವಿನ ಫೋಟೋ ನಾವು ಹಾಕಿಕೊಂಡರೆ ಯಾರಿಗೇನು ತೊಂದರೆ?

ಜೂನ್ ತಿಂಗಳ ಒಂದು ಫೋಟೋ ಹೇಳುತ್ತೇನೆ. ಒಬ್ಬ ತಂದೆ ಅದನ್ನು ದೊಡ್ಡದು ಮಾಡಿಸಲು ತಂದಿದ್ದರು. ಮಗಳ ಶಾಲೆಯ ಮೊದಲ ದಿನ. ಹೊಸ ಸಮವಸ್ತ್ರ, ಎರಡು ಜಡೆ, ಹಿಂದೆ ಸ್ಕೂಟರ್. ಅದೇ ಚಿತ್ರವನ್ನು ಅವರು ಬೆಳಗ್ಗೆಯೇ ಫೇಸ್‌ಬುಕ್ಕಿಗೂ ಹಾಕಿಯಾಗಿತ್ತು. ಪರದೆಯ ಮೇಲೆ ಹಿಗ್ಗಿಸಿದಾಗ ಕೊರಳಿನ ಗುರುತಿನ ಚೀಟಿ ಓದಲು ಬಂತು: ಹೆಸರು, ತರಗತಿ, ರಕ್ತದ ಗುಂಪು, ತಂದೆಯ ಮೊಬೈಲ್ ಸಂಖ್ಯೆ. ಸಮವಸ್ತ್ರದ ಜೇಬಿನ ಮೇಲೆ ಶಾಲೆಯ ಲಾಂಛನ. ಸ್ಕೂಟರಿನ ನಂಬರ್ ಫಲಕ. ಕೆಳಗೆ ಅವರೇ ಬರೆದಿದ್ದರು: ‘ಇನ್ನು ಮೇಲೆ ದಿನಾ 8.20ರ ವ್ಯಾನು!’

ಮಗುವಿನ ಮುಖದಿಂದ ಯಾರಿಗೂ ಹೆಚ್ಚೇನೂ ಗೊತ್ತಾಗುವುದಿಲ್ಲ. ಅದರ ಸುತ್ತಲಿನ ಈ ಚೂರುಗಳೆಲ್ಲ ಒಂದೇ ಕಡೆ ಸೇರಿದಾಗ, ಅಪರಿಚಿತನೊಬ್ಬ ಶಾಲೆಯ ಗೇಟಿನ ಬಳಿ ನಿಂತು ‘ನಿನ್ನಪ್ಪ ಕಳಿಸಿದ್ದಾರೆ’ ಎಂದು ಹೆಸರು ಹಿಡಿದು ಕರೆಯಬಹುದು. ನಮ್ಮ ಕಡೆ ಇದು ಇನ್ನೂ ಸುಲಭ. ಬೆಂಗಳೂರಿನಲ್ಲಿ ಮನೆ ಹುಡುಕಲು ಅಡ್ಡರಸ್ತೆ, ಮುಖ್ಯರಸ್ತೆ, ಮನೆ ನಂಬರು ಎಲ್ಲ ಬೇಕು. ಮಲೆನಾಡಿನ ಒಂಟಿಮನೆಗೆ ಊರಿನ ಹೆಸರು, ಮನೆ ಯಜಮಾನನ ಹೆಸರು ಸಾಕು. ಬಸ್ಸಿನ ಕಂಡಕ್ಟರನೇ ದಣಪೆಯ (ಬೇಲಿಯ ಬಾಗಿಲಿನ) ಹತ್ತಿರ ಇಳಿಸಿ ಹೋಗುತ್ತಾನೆ.

ಹಾಗಾದರೆ ಹಾಕಲೇಬಾರದು ಎನ್ನುತ್ತೀರಾ?

ಹಾಗೆ ಹೇಳಿದರೆ ನನ್ನ ಕಸುಬಿಗೇ ದ್ರೋಹ. ಮಕ್ಕಳ ಚಿತ್ರ ತೋರಿಸಿ ಹಿಗ್ಗುವುದು ತಪ್ಪಲ್ಲ. ನಾನು ಕೇಳುವುದು ಎರಡೇ: ಯಾರಿಗೆ ತೋರಿಸುತ್ತಿದ್ದೀರಿ, ಮತ್ತು ಚಿತ್ರದ ಜೊತೆ ಏನೇನು ಹೋಗುತ್ತಿದೆ. ಮೇಲಿನ ಹುಡುಗಿಯ ಫೋಟೋವನ್ನೇ ಜಗುಲಿಯ ಗೋಡೆಯ ಮುಂದೆ, ಚೀಟಿ ತೆಗೆದು, ಸೊಂಟದಿಂದ ಮೇಲೆ ತೆಗೆದಿದ್ದರೆ, ವ್ಯಾನಿನ ವೇಳೆ ಬರೆಯದೆ ಸಂಜೆ ಮನೆಗೆ ಬಂದ ಮೇಲೆ ಹಾಕಿದ್ದರೆ, ಎರಡು ಜಡೆಯ ಚಂದಕ್ಕೆ ಏನೂ ಕಡಿಮೆಯಾಗುತ್ತಿರಲಿಲ್ಲ.

ನಾಮಕರಣದ ಆಮಂತ್ರಣವನ್ನು ಎಲ್ಲರಿಗೂ ಕಳಿಸುತ್ತೇವಲ್ಲ, ಅದರಲ್ಲೇನು?

ಮಗುವಿನ ಪೂರ್ಣ ಹೆಸರು, ಜನ್ಮದಿನ, ನಕ್ಷತ್ರ, ತಂದೆ ತಾಯಿ ಅಜ್ಜ ಅಜ್ಜಿಯರ ಹೆಸರು, ತೋಟದ ದಾರಿ, ಮೊಬೈಲ್ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. ಮುಂದೆ ಯಾರದೋ ಹೆಸರಿನಲ್ಲಿ ಖಾತೆ ತೆರೆಯುವವನಿಗೆ ಬೇಕಾಗುವುದೂ ಇಷ್ಟೇ. ಕರೆಯಬೇಕಾದವರಿಗೆ ಒಬ್ಬೊಬ್ಬರಿಗೇ ಕಳಿಸಿ. ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಅಂಟಿಸಬೇಡಿ. ಜನ್ಮದಿನದ ಚಿತ್ರ ಹಾಕುವವರು ಎರಡು ದಿನ ತಡವಾಗಿ, ವರ್ಷ ಬರೆಯದೆ ಹಾಕಿದರೆ ಒಳ್ಳೆಯದು.

ಎಣ್ಣೆ ಸ್ನಾನದ ಫೋಟೋ ಹಾಕಬಾರದಂತೆ. ಎಳೆ ಕೂಸಿನಲ್ಲಿ ಅಸಹ್ಯ ಹುಡುಕುವುದೇ ಅಸಹ್ಯ ಅಲ್ಲವೇ?

ಈ ಪ್ರಶ್ನೆಯನ್ನು ಕೋಪದಿಂದಲೇ ಕೇಳುತ್ತಾರೆ, ಆ ಕೋಪ ನನಗೂ ಅರ್ಥವಾಗುತ್ತದೆ. ಬಚ್ಚಲೊಲೆಯ ಬೆಂಕಿ, ಹಂಡೆಯ ಹಬೆ, ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡ ಅಜ್ಜಿ, ಎಣ್ಣೆಯಿಂದ ಹೊಳೆಯುವ ಬೆನ್ನು. ಮಲೆನಾಡಿನ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಬೆಳಕು ಮತ್ತೆಲ್ಲೂ ಸಿಗುವುದಿಲ್ಲ. ನಾನೇ ಇಂಥವು ಎಷ್ಟೋ ತೆಗೆದಿದ್ದೇನೆ.

ಕೂಸಿನಲ್ಲಿ ಅಸಹ್ಯವಿಲ್ಲ. ಆದರೆ ಇಂಥ ಚಿತ್ರಗಳನ್ನು ಹೆಕ್ಕಿ ಕೂಡಿಡುವ ಜನ ಇದ್ದಾರೆ, ಅವರ ಕಣ್ಣು ಅಜ್ಜಿಯ ಕಣ್ಣಲ್ಲ. ಬಟ್ಟೆಯಿಲ್ಲದ, ಅರೆಬಟ್ಟೆಯ ಚಿತ್ರ ಎಲ್ಲರಿಗೂ ಕಾಣುವ ಕಡೆ ಬಿದ್ದರೆ ಅದು ಯಾವ ಗುಂಪಿಗೆ, ಯಾವ ಶೀರ್ಷಿಕೆಯೊಂದಿಗೆ ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಆ ಕೂಸು ಹೈಸ್ಕೂಲಿಗೆ ಹೋದಾಗ ಸಹಪಾಠಿಯೊಬ್ಬ ಈ ಚಿತ್ರ ಹುಡುಕಿ ತೆಗೆದರೆ ಅನುಭವಿಸುವವರು ನೀವಲ್ಲ. ತೆಗೆಯಿರಿ, ಅಚ್ಚು ಹಾಕಿಸಿ, ಆಲ್ಬಮ್ಮಿನಲ್ಲಿಡಿ. ಹಂಚಲೇಬೇಕು ಎಂದರೆ ಹಂಡೆ, ಹಬೆ, ಅಜ್ಜಿಯ ಕೈ, ಕೂಸಿನ ಪಾದ ಮಾತ್ರ ಬರುವ ಹಾಗೆ ತೆಗೆದದ್ದನ್ನು ಹಂಚಿ. ಚಿತ್ರವಾಗಿಯೂ ಅದೇ ಚೆನ್ನಾಗಿರುತ್ತದೆ.

ದೃಷ್ಟಿಯಾಗುತ್ತದೆ, ಹಾಕಬೇಡ ಎಂದು ಅತ್ತೆ ಹೇಳುತ್ತಾರೆ. ಇದು ಮೂಢನಂಬಿಕೆ ತಾನೇ?

ಕಾರಣ ತಪ್ಪಿರಬಹುದು, ಸಲಹೆ ಸರಿಯಾಗಿದೆ. ಅತ್ತೆಯ ಮಾತು ಕೇಳಿ.

ಮುಖಕ್ಕೆ ಹೂವಿನ ಸ್ಟಿಕ್ಕರ್ ಹಾಕಿದರೆ ಸಾಕಲ್ಲವೇ?

ಸ್ಟಿಕ್ಕರ್ ಪೂರ್ತಿ ಮುಚ್ಚುವಂತಿದ್ದು, ಉಳಿಸಿದ ಮೇಲೆ ಹೊಸ ಚಿತ್ರವಾಗಿಯೇ ಹೊರಬಂದರೆ ಮುಖದ ಮಟ್ಟಿಗೆ ಸಾಕು. ಮಸುಕು ಮಾಡುವುದು ಅಷ್ಟು ಗಟ್ಟಿಯಲ್ಲ. ತೆಳುವಾದ ಮಸುಕಿನ ಹಿಂದಿನ ಮುಖವನ್ನು ಗುರುತು ಇದ್ದವರು ಹಿಡಿಯುತ್ತಾರೆ. ಕತ್ತರಿಸಿದ ಚಿತ್ರದ ಮೇಲೂ ಕುರುಡು ನಂಬಿಕೆ ಬೇಡ. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಸಾಧನದಲ್ಲಿ ಒಂದು ದೋಷ ಪತ್ತೆಯಾಯಿತು: ಕತ್ತರಿಸಿ ಎಸೆದೆವೆಂದುಕೊಂಡ ಭಾಗ ಕಡತದೊಳಗೇ ಉಳಿದಿರುತ್ತಿತ್ತು, ಅದನ್ನು ಮರಳಿ ತೆಗೆಯಬಹುದಿತ್ತು. ಅದನ್ನು ಸರಿಪಡಿಸಿದ್ದಾರೆ. ನಾನು ಮಾತ್ರ ಆಮೇಲೆ, ತೋರಿಸಬಾರದ್ದನ್ನು ಕತ್ತರಿಸುವ ಬದಲು ಕ್ಯಾಮೆರಾ ತಿರುಗಿಸಿ ಚೌಕಟ್ಟಿನ ಆಚೆಗೇ ಬಿಡುತ್ತೇನೆ. ಮಕ್ಕಳು ಬೆನ್ನು ಹಾಕಿ ಗದ್ದೆಯ ಅಂಚಿನ ಮೇಲೆ ನಡೆಯುವ ಚಿತ್ರಕ್ಕೆ ಸ್ಟಿಕ್ಕರ್ ಬೇಕಾಗುವುದೇ ಇಲ್ಲ.

## ಬಂಧುಬಳಗ, ವಾಟ್ಸಾಪ್

ನಾವು ಕುಟುಂಬದ ಗ್ರೂಪಿನಲ್ಲಿ ಮಾತ್ರ ಹಾಕುತ್ತೇವೆ. ಅದು ಮನೆಯೊಳಗೇ ಇದ್ದಂತಲ್ಲವೇ?

ನಿಮ್ಮ ಗ್ರೂಪಿನ ಸದಸ್ಯರ ಪಟ್ಟಿಯನ್ನು ಕೊನೆಯ ಬಾರಿ ಪೂರ್ತಿ ಓದಿದ್ದು ಯಾವಾಗ? ವಾಟ್ಸಾಪ್ ಗ್ರೂಪಿನಲ್ಲಿ 1024 ಜನರವರೆಗೆ ಇರಬಹುದು. ನಮ್ಮ ಕಡೆಯ ಮನೆತನದ ಗ್ರೂಪುಗಳಲ್ಲಿ ಹೆಸರೇ ಇಲ್ಲದ, ಬರೀ ಸಂಖ್ಯೆ ಕಾಣುವ ಹತ್ತಿಪ್ಪತ್ತು ಜನ ಇದ್ದೇ ಇರುತ್ತಾರೆ. ಒಬ್ಬರು ಫೋನ್ ಮಾರಿರುತ್ತಾರೆ, ಒಬ್ಬರ ಫೋನ್ ಅಂಗಡಿಯ ಹುಡುಗನ ಕೈಯಲ್ಲಿರುತ್ತದೆ. ಸಂದೇಶ ದಾರಿಯಲ್ಲಿ ಹೋಗುವಾಗ ಬೀಗದೊಳಗೆ ಹೋಗುತ್ತದೆ ನಿಜ. ತಲುಪಿದ ಮೇಲೆ ಬೀಗದ ಕೈ ತಲುಪಿದವರ ಬಳಿ ಇರುತ್ತದೆ.

ಮಗುವಿನ ಚಿತ್ರಗಳಿಗೆಂದೇ ಆರೆಂಟು ಜನರ ಒಂದು ಸಣ್ಣ ಗ್ರೂಪ್ ಮಾಡಿ. ಅದರಲ್ಲಿ ‘ಮುಂದಕ್ಕೆ ಕಳಿಸಬೇಡಿ’ ಎಂದು ಬಾಯಿಬಿಟ್ಟು ಹೇಳಿ. ಮರೆಯಾಗುವ ಸಂದೇಶಗಳ ಆಯ್ಕೆಯನ್ನು 7 ದಿನಕ್ಕೋ 90 ದಿನಕ್ಕೋ ಇಟ್ಟರೆ ಕಳೆದುಹೋದ ಫೋನಿನಲ್ಲಿ ಐದು ವರ್ಷದ ಬಾಲ್ಯ ಪೂರ್ತಿ ಸಿಗುವುದಿಲ್ಲ.

ಸ್ಟೇಟಸ್ 24 ಗಂಟೆಯಲ್ಲಿ ತಾನಾಗಿ ಹೋಗುತ್ತದಲ್ಲ?

ನಿಮ್ಮ ಫೋನಿನಿಂದ ಹೋಗುತ್ತದೆ. ಅದರ ಪರದೆಚಿತ್ರ ತೆಗೆದುಕೊಂಡವರು ಯಾರೆಂದು ವಾಟ್ಸಾಪ್ ನಿಮಗೆ ತಿಳಿಸುವುದಿಲ್ಲ. ಸ್ಟೇಟಸ್ ಯಾರಿಗೆ ಕಾಣಬೇಕು ಎಂಬುದನ್ನು ‘ಇವರಿಗೆ ಮಾತ್ರ’ ಎಂದು ಆಯ್ಕೆ ಮಾಡಬಹುದು. ಅಡಿಕೆ ವ್ಯಾಪಾರಿ, ಗ್ಯಾಸ್ ಏಜೆನ್ಸಿ, ಹಿಂದಿನ ಬಾಡಿಗೆದಾರ ಇವರೆಲ್ಲ ನಿಮ್ಮ ಮಗಳ ಭರತನಾಟ್ಯ ನೋಡಬೇಕಾಗಿಲ್ಲ. ಪ್ರೊಫೈಲ್ ಚಿತ್ರದ ಕಡೆಗೂ ಗಮನವಿರಲಿ. ಅದು ‘ಎಲ್ಲರಿಗೂ’ ಎಂದಿದ್ದರೆ ನಿಮ್ಮ ಸಂಖ್ಯೆ ಸಿಕ್ಕ ಯಾರಿಗೆ ಬೇಕಾದರೂ ಮಗುವಿನ ಮುಖ ಕಾಣುತ್ತದೆ.

ಮಗ ಸೊಸೆ ಬೆಂಗಳೂರಿನಲ್ಲಿ. ಫೋಟೋ ಹಾಕಬೇಡಿ ಎಂದರೆ ಮೊಮ್ಮಗಳನ್ನು ನಾವು ನೋಡುವುದು ಹೇಗೆ?

ಕಾಗದ ಬರೆದ ಅಜ್ಜನ ಪ್ರಶ್ನೆ ಇದು. ಅವರ ಮನೆಯಲ್ಲಿ ಸಿಗ್ನಲ್ ಇಲ್ಲ. ಸಂಜೆ ಮನೆಯ ಹಿಂದಿನ ಗುಡ್ಡ ಹತ್ತಿ, ಬಂಡೆಯ ಮೇಲೆ ನಿಂತು, ಎರಡು ಗೀಟು ಬಂದಾಗ ಮೊಮ್ಮಗಳ ಚಿತ್ರ ಇಳಿಸಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಆ ಬಂಡೆ ಜಾರುತ್ತದೆ ಎಂದೂ ಬರೆದಿದ್ದರು.

ಮಗನಿಗೆ ಹೇಳಿ: ನಿಮ್ಮಿಬ್ಬರಿಗೆ ನೇರವಾಗಿ ಕಳಿಸಲಿ, ಅಥವಾ ಗೂಗಲ್ ಫೋಟೋಸ್‌ನಂಥ ಕಡೆ ಹಂಚಿದ ಆಲ್ಬಮ್ ಮಾಡಿ ನಿಮ್ಮನ್ನು ಮಾತ್ರ ಸೇರಿಸಲಿ. ಕೊಂಡಿ ಇದ್ದವರೆಲ್ಲ ನೋಡಬಹುದು ಎಂಬ ಆಯ್ಕೆಯನ್ನು ಮುಚ್ಚಿಡಲಿ. ಮೂರು ತಿಂಗಳಿಗೊಮ್ಮೆ ಹದಿನೈದಿಪ್ಪತ್ತು ಚಿತ್ರ ಅಚ್ಚು ಹಾಕಿಸಿ ಅಂಚೆಗೆ ಹಾಕಲಿ. ಇದು ಅಂಗಡಿಯವನ ಸ್ವಾರ್ಥದ ಸಲಹೆ ಎಂದು ನೀವು ನಗಬಹುದು, ನಗಿ. ಗೋಡೆಗೆ ತೂಗುಹಾಕಿದ ಫೋಟೋವನ್ನು ನೋಡಬೇಕಾದರೆ ದಣಪೆ ದಾಟಿ, ಹೆಬ್ಬಾಗಿಲು ದಾಟಿ, ನಿಮ್ಮೆದುರು ಕುಳಿತು ಕಾಫಿ ಕುಡಿಯಬೇಕು.

ನಾದಿನಿ ನಮ್ಮನ್ನು ಕೇಳದೆಯೇ ನಮ್ಮ ಮಗುವಿನ ಫೋಟೋ ಹಾಕುತ್ತಾಳೆ. ಸಂಬಂಧ ಕೆಡದ ಹಾಗೆ ಹೇಗೆ ಹೇಳಲಿ?

ಗ್ರೂಪಿನಲ್ಲಿ ಎಲ್ಲರೆದುರು ಹೇಳಬೇಡಿ, ಅಲ್ಲಿ ಹೇಳಿದರೆ ಮುಖಭಂಗ. ಫೋನ್ ಮಾಡಿ. ‘ನೀನು ತಪ್ಪು ಮಾಡಿದೆ’ ಎನ್ನುವುದಕ್ಕಿಂತ ‘ನಾವಿಬ್ಬರೂ ಹೀಗೆ ತೀರ್ಮಾನ ಮಾಡಿದ್ದೇವೆ, ನೀನೂ ಜೊತೆಗಿರು’ ಎಂದರೆ ಕೇಳುವವರಿಗೆ ಹಗುರ. ಗಂಡನ ಕಡೆಯವರಿಗೆ ಗಂಡ, ಹೆಂಡತಿಯ ಕಡೆಯವರಿಗೆ ಹೆಂಡತಿ ಹೇಳಬೇಕು. ಇದನ್ನು ಅದಲುಬದಲು ಮಾಡಿದ ಮನೆಗಳ ಜಗಳ ನನ್ನ ಬೆಂಚಿನವರೆಗೂ ಬಂದಿದೆ. ಹಬ್ಬಕ್ಕೆ, ಮದುವೆಗೆ ಹೊರಡುವ ಮುಂಚೆಯೇ ಹೇಳಿದರೆ ಇನ್ನೂ ಒಳ್ಳೆಯದು, ಏಕೆಂದರೆ ಹಾಕಿದ ಮೇಲೆ ತೆಗೆಸುವುದು ಯಾರಿಗೂ ಅವಮಾನವೇ. ಆಕೆಗೆ ಹಾಕಲು ಒಂದು ಒಳ್ಳೆಯ ಚಿತ್ರವನ್ನು ನೀವೇ ಆರಿಸಿ ಕೊಡಿ. ಅರ್ಧ ಗಲಾಟೆ ಅಲ್ಲಿಗೇ ಮುಗಿಯುತ್ತದೆ.

## ಶಾಲೆ, ಊರು, ಸ್ಪರ್ಧೆ

ಶಾಲೆಯವರು ವಾರ್ಷಿಕೋತ್ಸವದ ಫೋಟೋಗಳನ್ನು ಹೆಸರು, ತರಗತಿ ಸಮೇತ ಹಾಕಿದ್ದಾರೆ. ಬೇಡ ಎನ್ನಬಹುದೇ?

ಖಂಡಿತ ಅನ್ನಬಹುದು. ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ಕೊಡಿ: ನಮ್ಮ ಮಗುವಿನ ಚಿತ್ರವನ್ನು ಹೊರಗಿನ ಪ್ರಚಾರಕ್ಕೆ ಬಳಸುವುದು ಬೇಡ, ಈಗಿರುವುದನ್ನು ತೆಗೆಯಿರಿ. ಪ್ರವೇಶದ ಅರ್ಜಿಯ ಕೊನೆಯ ಪುಟದಲ್ಲಿ ಒಪ್ಪಿಗೆಯ ಸಾಲೊಂದು ಇದ್ದರೆ ಅದನ್ನು ಓದಿ ಸಹಿ ಹಾಕಿ. ಒಪ್ಪಿಗೆ ಇಲ್ಲದಿದ್ದರೆ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ.

ಶಾಲೆಯವರಿಗೂ ಒಂದು ಮಾತು. ಸಮವಸ್ತ್ರದಲ್ಲಿ ಶಾಲೆ ಗೊತ್ತಾಗುತ್ತದೆ, ಕೆಳಗೆ ಹೆಸರು ಬರೆದರೆ ಮಗುವೂ ಗೊತ್ತಾಗುತ್ತದೆ. ಹೆಸರು ಹಾಕಿದರೆ ಮುಖ ಬೇಡ, ಮುಖ ಹಾಕಿದರೆ ಹೆಸರು ಬೇಡ. ವೇದಿಕೆಯ ಚಿತ್ರವನ್ನು ಸಭಾಂಗಣದ ಹಿಂದಿನಿಂದ ತೆಗೆದರೆ ಕಾರ್ಯಕ್ರಮವೂ ಕಾಣುತ್ತದೆ, ಯಾರನ್ನೂ ಕೇಳಬೇಕಾಗುವುದಿಲ್ಲ.

ಮುದ್ದುಕೃಷ್ಣ ಸ್ಪರ್ಧೆಗೆ ಫೋಟೋ ಕಳಿಸಬಹುದೇ? ಹೆಚ್ಚು ಲೈಕ್ ಬಂದವರಿಗೆ ಬಹುಮಾನವಂತೆ.

ಲೈಕ್ ಎಣಿಸುವ ಸ್ಪರ್ಧೆಯಲ್ಲಿ ಗೆಲ್ಲಬೇಕಾದರೆ ಆ ಚಿತ್ರವನ್ನು ಗುರುತಿಲ್ಲದವರಿಗೆಲ್ಲ ನೀವೇ ಕಳಿಸಬೇಕು. ಹೆಸರು, ವಯಸ್ಸು, ಊರು, ಪೋಷಕರ ಸಂಖ್ಯೆಯೂ ಜೊತೆಗೆ. ನಡೆಸುವವರಿಗೆ ಸಿಗುವುದು ಊರಿನ ತಾಯಂದಿರ ಮೊಬೈಲ್ ಸಂಖ್ಯೆಗಳ ಪಟ್ಟಿ, ನಿಮಗೆ ಸಿಗುವುದು ಸ್ಟೀಲ್ ಡಬ್ಬಿ. ಕೃಷ್ಣನ ವೇಷ ಹಾಕಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ.

ಕಾಲುಸಂಕ ದಾಟುವ ಮಕ್ಕಳ ಫೋಟೋ ಓಡಿದರೆ ತಾನೇ ಸರ್ಕಾರ ಸೇತುವೆ ಮಾಡುವುದು?

ನಿಜ, ಪ್ರತಿ ಮಳೆಗಾಲದಲ್ಲೂ ನಾವು ಅದನ್ನು ನೋಡುತ್ತೇವೆ. ಇಂಥ ಚಿತ್ರ ತೆಗೆಯಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ತೋರಿಸಬೇಕಾದದ್ದು ಹಳ್ಳದ ನೀರು, ಎರಡು ಅಡಿಕೆ ಮರದ ದಬ್ಬೆ, ಅದರ ಮೇಲೆ ಇಟ್ಟ ಪುಟ್ಟ ಕಾಲು. ಹಿಂದಿನಿಂದ ತೆಗೆಯಿರಿ. ಕೊಡೆ, ಪ್ಲಾಸ್ಟಿಕ್ ಕೊಪ್ಪೆ, ಬೆನ್ನ ಮೇಲಿನ ಚೀಲ ಬಂದರೆ ಸಾಕು. ಊರಿನ ಹೆಸರನ್ನು ಪಂಚಾಯಿತಿಯ ಅರ್ಜಿಯಲ್ಲಿ ಬರೆಯಿರಿ, ಮಕ್ಕಳ ಹೆಸರನ್ನು ಎಲ್ಲೂ ಬರೆಯಬೇಡಿ. ದಿನಾ ಎಷ್ಟು ಹೊತ್ತಿಗೆ, ಯಾವ ಕಾಡುದಾರಿಯಲ್ಲಿ ಒಂಟಿಯಾಗಿ ನಡೆದು ಬರುತ್ತಾರೆ ಎಂಬುದು ಅನುಕಂಪ ಹುಟ್ಟಿಸುವ ವಿವರ, ಹಾಗೆಯೇ ಅಪಾಯದ ವಿವರ.

ಹೋಮ್‌ಸ್ಟೇಗೆ ಬಂದವರು ನಮ್ಮ ಮಕ್ಕಳ ಫೋಟೋ ತೆಗೆದುಕೊಂಡು ಹಾಕುತ್ತಾರೆ. ಅತಿಥಿಗಳಿಗೆ ಏನನ್ನುವುದು?

ಕೋಣೆಯ ನಿಯಮಗಳ ಹಲಗೆಯಲ್ಲಿ, ಚಪ್ಪಲಿ ಹೊರಗೆ ಬಿಡಿ ಎಂಬ ಸಾಲಿನ ಕೆಳಗೆ, ಮನೆಯ ಮಕ್ಕಳ ಫೋಟೋ ತೆಗೆಯಬೇಡಿ ಎಂದು ಸೇರಿಸಿ. ಬರೆದದ್ದನ್ನು ಓದಿ ಯಾರೂ ಬೇಸರಿಸಿಕೊಂಡದ್ದನ್ನು ನಾನು ಕೇಳಿಲ್ಲ.

ಕಾಯಿಲೆಯ ಮಗುವಿನ ಚಿಕಿತ್ಸೆಗೆ ಹಣ ಕೂಡಿಸಬೇಕು. ಫೋಟೋ ಇಲ್ಲದೆ ಯಾರು ಕೊಡುತ್ತಾರೆ?

ಅಂಥ ಹೊತ್ತಿನಲ್ಲಿ ಜೀವ ಮೊದಲು. ಆದರೂ ಮೂಗಿನಲ್ಲಿ ನಳಿಕೆಯಿರುವ, ಮೈಮೇಲೆ ಬಟ್ಟೆ ಸರಿದ ಚಿತ್ರ ಬೇಡ. ಮಗು ಗುಣವಾಗಿ ಶಾಲೆಗೆ ಹೋದಮೇಲೂ ಅದು ತಿರುಗುತ್ತಲೇ ಇರುತ್ತದೆ. ಕಾಯಿಲೆಗೆ ಮುಂಚಿನ ನಗುವ ಚಿತ್ರ ಕೊಡಿ. ಆಸ್ಪತ್ರೆಯ ಅಂದಾಜು ಪಟ್ಟಿ ಹಾಕುವಾಗ ರೋಗಿಯ ಸಂಖ್ಯೆ, ಆಧಾರ್ ಸಂಖ್ಯೆ ಮುಚ್ಚಿ. ಕೊನೆಯ ದಿನಾಂಕ ಬರೆಯಿರಿ, ಹಣ ಕೂಡಿದ ದಿನವೇ ತೆಗೆಯಿರಿ. ಬೇರೆಯವರು ಅದೇ ಚಿತ್ರಕ್ಕೆ ತಮ್ಮ ಖಾತೆ ಸಂಖ್ಯೆ ಅಂಟಿಸಿ ಹಣ ಎತ್ತುವುದು ಹೊಸ ವಂಚನೆಯೇನಲ್ಲ.

## ಫೋನಿನ ಒಳಗಿನ ವಿಷಯ

ಫೋಟೋದೊಳಗೆ ಮನೆಯ ಜಾಗ ಅಡಗಿರುತ್ತದಂತೆ. ನಿಜವೇ?

ನಿಜ. ಕ್ಯಾಮೆರಾದಲ್ಲಿ ಸ್ಥಳ ಉಳಿಸುವ ಆಯ್ಕೆ ತೆರೆದಿದ್ದರೆ ಪ್ರತಿ ಚಿತ್ರದ ಕಡತದೊಳಗೆ ತೆಗೆದ ದಿನ, ವೇಳೆ, ಫೋನಿನ ಮಾದರಿಯ ಜೊತೆ ಅಕ್ಷಾಂಶ ರೇಖಾಂಶವೂ ಕೂರುತ್ತದೆ. ಇದನ್ನು ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ಸಂಶಯಪಟ್ಟ ಗಿರಾಕಿಯೊಬ್ಬರಿಗೆ ಅವರದೇ ಚಿತ್ರ ತೆರೆದು ನಕ್ಷೆಯ ಮೇಲೆ ತೋರಿಸಿದೆ. ಗುರುತು ಅವರ ಅಡಿಕೆ ಚಪ್ಪರದ ಮೇಲೆಯೇ ಬಂದು ಕೂತಿತು. ಆ ಮನುಷ್ಯ ಎರಡು ನಿಮಿಷ ಮಾತಾಡಲಿಲ್ಲ.

ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಈ ಮಾಹಿತಿ ಕಳಚಿಹೋಗುತ್ತದೆ. ಗುಣಮಟ್ಟ ಕೆಡಬಾರದೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೆಯೇ ಹೋಗುತ್ತದೆ, ಇಮೇಲಿನಲ್ಲೂ ಹಾಗೆಯೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ನೋಡುವವರಿಗೆ ಅದು ಸಿಗುವುದಿಲ್ಲ. ಹಾಗೆಂದು ಕಂಪನಿಗೆ ತಲುಪಿಲ್ಲ ಎಂದಲ್ಲ. ಕ್ಯಾಮೆರಾದ ಸೆಟ್ಟಿಂಗಿಗೆ ಹೋಗಿ ಸ್ಥಳದ ಆಯ್ಕೆಯನ್ನು ಮುಚ್ಚಿಬಿಡುವುದು ಎಲ್ಲಕ್ಕಿಂತ ಸುಲಭ. ನೀವೇ ಕೈಯಾರೆ ಸ್ಥಳದ ಹೆಸರು ಸೇರಿಸುವುದು ಬೇರೆ ರೋಗ. ಜೋಗದಲ್ಲಿ ನಿಂತು ‘ಈಗ ಜೋಗದಲ್ಲಿ’ ಎಂದು ಬರೆದರೆ ಮನೆ ಖಾಲಿಯಿದೆ ಎಂದೂ ಬರೆದ ಹಾಗೆ. ವಾಪಸು ಬಂದಮೇಲೆ ಹಾಕಿ, ಜಲಪಾತ ಎಲ್ಲಿಗೂ ಹೋಗುವುದಿಲ್ಲ.

ಹತ್ತು ವರ್ಷದಿಂದ ಹಾಕಿದ ಹಳೆಯ ಫೋಟೋಗಳನ್ನು ಈಗ ಏನು ಮಾಡಲಿ?

ಒಂದೊಂದಾಗಿ ಅಳಿಸಲು ಕೂತರೆ ಮೂರನೇ ದಿನ ಬಿಟ್ಟುಬಿಡುತ್ತೀರಿ. ಫೇಸ್‌ಬುಕ್ಕಿನ ಖಾಸಗಿತನದ ಸೆಟ್ಟಿಂಗಿನಲ್ಲಿ ಹಳೆಯ ಸಾರ್ವಜನಿಕ ಪೋಸ್ಟುಗಳನ್ನೆಲ್ಲ ಒಮ್ಮೆಗೇ ಸ್ನೇಹಿತರಿಗೆ ಸೀಮಿತಗೊಳಿಸುವ ಆಯ್ಕೆಯಿದೆ. ಅದನ್ನು ಮೊದಲು ಒತ್ತಿ. ಇನ್‌ಸ್ಟಾಗ್ರಾಂ ಖಾತೆಯನ್ನು ಖಾಸಗಿ ಮಾಡಿ, ಅನುಸರಿಸುವವರ ಪಟ್ಟಿಯಿಂದ ಗುರುತಿಲ್ಲದವರನ್ನು ತೆಗೆಯಿರಿ. ಆಮೇಲೆ ಸ್ನಾನ, ಅಳು, ಆಸ್ಪತ್ರೆ, ಅಂಕಪಟ್ಟಿ ಇವಿಷ್ಟನ್ನು ಹುಡುಕಿ ಅಳಿಸಿ. ಗೂಗಲ್ ಹುಡುಕಾಟದಲ್ಲಿ ಮಗುವಿನ ಚಿತ್ರ ಬರುತ್ತಿದ್ದರೆ, 18 ವರ್ಷದೊಳಗಿನವರ ಚಿತ್ರವನ್ನು ಫಲಿತಾಂಶದಿಂದ ತೆಗೆಯುವಂತೆ ಮಗುವೋ ಪೋಷಕರೋ ಮನವಿ ಸಲ್ಲಿಸಬಹುದು. 2021ರಿಂದ ಈ ಸೌಲಭ್ಯವಿದೆ. ಹುಡುಕಾಟದಿಂದ ಹೋದರೂ ಮೂಲ ತಾಣದಲ್ಲಿ ಚಿತ್ರ ಉಳಿದಿರುತ್ತದೆ, ಅಲ್ಲಿಯವರಿಗೆ ಬೇರೆಯಾಗಿಯೇ ಕೇಳಬೇಕು.

ಎಐ ಬಂದಮೇಲೆ ಇದರಲ್ಲಿ ಏನು ಬದಲಾಗಿದೆ?

ಮುಂಚೆ ಒಂದು ಮುಖವನ್ನು ಇನ್ನೊಂದು ಮೈಗೆ ಜೋಡಿಸಲು ನನ್ನಂಥವನಿಗೂ ಅರ್ಧ ದಿನ ಬೇಕಿತ್ತು, ಮಾಡಿದ್ದೂ ಗೊತ್ತಾಗುತ್ತಿತ್ತು. ಈಗ ಕೆಲಸ ಬಾರದವನೂ ನಿಮಿಷದಲ್ಲಿ ಮಾಡುತ್ತಾನೆ. ಹಾಗಾಗಿ ಮೈತುಂಬ ಬಟ್ಟೆಯಿರುವ, ಮುಖ ನೇರವಾಗಿ ಸ್ಪಷ್ಟವಾಗಿ ಕಾಣುವ ಸಾಮಾನ್ಯ ಚಿತ್ರವೂ ದುರುಪಯೋಗಕ್ಕೆ ಸಾಕು. ಇನ್ನೊಂದು ಸಂಗತಿ: ಎಐ ಮಾದರಿಗಳಿಗೆ ತರಬೇತಿ ಕೊಡಲು ಅಂತರ್ಜಾಲದಿಂದ ಕೂಡಿಹಾಕಿದ ಲಾಯಾನ್-5ಬಿ ಎಂಬ ಭಾರಿ ಸಂಗ್ರಹದಲ್ಲಿ ಬ್ರೆಜಿಲ್ ದೇಶದ ಮಕ್ಕಳ 170 ಚಿತ್ರಗಳಿಗೆ ಕೊಂಡಿ ಇರುವುದನ್ನು 2024ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪತ್ತೆಹಚ್ಚಿತು. ಅವು ಅದರ ಒಂದು ಚೂರನ್ನು ಜಾಲಾಡಿದಾಗ ಸಿಕ್ಕವು. ಅಲ್ಲಿದ್ದವು ಜನ್ಮದಿನ, ಶಾಲೆಯ ನೃತ್ಯದಂಥ ಮನೆಮಂದಿಯ ಚಿತ್ರಗಳೇ. ನಮ್ಮ ಮನೆಗಳ ಚಿತ್ರಗಳಿಗಿಂತ ಅವೇನೂ ಬೇರೆ ಜಾತಿಯವಲ್ಲ.

## ಮಗುವಿಗೂ ಒಂದು ಮಾತು ಇದೆಯಲ್ಲ

ಎಷ್ಟನೇ ವಯಸ್ಸಿನಿಂದ ಮಗುವನ್ನು ಕೇಳಬೇಕು?

ಇದಕ್ಕೆ ಉತ್ತರ ನನಗೆ ಹೊಳೆದದ್ದಲ್ಲ, ಒಬ್ಬ ಹುಡುಗಿ ಕಲಿಸಿದ್ದು. ಮೂರು ವರ್ಷದವಳಿದ್ದಾಗ ಅವಳು ನನ್ನ ಸ್ಟುಡಿಯೋದಲ್ಲಿ ದೊಡ್ಡದಾಗಿ ಅತ್ತಿದ್ದಳು. ಮೂಗಿನಲ್ಲಿ ಸಿಂಬಳ, ಹಣೆಯ ಬಿಂದಿ ಕೆನ್ನೆಗಿಳಿದಿತ್ತು. ಬಹಳ ಜೀವಂತ ಚಿತ್ರ ಎಂದು ನಾನು ಅದನ್ನು ಹಿರಿದಾಗಿಸಿ ಬಾಗಿಲ ಗಾಜಿನ ಪೆಟ್ಟಿಗೆಯಲ್ಲಿಟ್ಟೆ, ಆಮೇಲೆ ಫೇಸ್‌ಬುಕ್ ಬಂದಾಗ ಅಲ್ಲಿಗೂ ಹಾಕಿದೆ. ತಂದೆಯ ಒಪ್ಪಿಗೆ ಇತ್ತು. ಪಿಯುಸಿಗೆ ಸೇರಿದ ವರ್ಷ ಒಂದು ಮಧ್ಯಾಹ್ನ ಅವಳು ಒಬ್ಬಳೇ ಬಂದಳು. ಕೂರು ಎಂದರೆ ಕೂರಲಿಲ್ಲ. ‘ಅದನ್ನು ತೆಗೆಯುತ್ತೀರಾ? ಕಾಲೇಜಿನಲ್ಲಿ ನನಗೆ ಅದೇ ಹೆಸರಾಗಿದೆ’ ಎಂದಳು. ‘ನಿಮ್ಮಪ್ಪ ಒಪ್ಪಿದ್ದರಲ್ಲ’ ಎಂದೆ. ‘ಅಪ್ಪನ ಫೋಟೋ ಆಗಿದ್ದರೆ ಸರಿ’ ಎಂದಳು. ಪೆಟ್ಟಿಗೆಯ ಬೀಗದ ಕೈ ಹುಡುಕುವಾಗ ನನ್ನ ಕೈ ನಡುಗುತ್ತಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮಾತು ಬಂದ ಮಗುವನ್ನು ಕೇಳಲು ಶುರುಮಾಡಬಹುದು. ನಾಲ್ಕೈದು ವರ್ಷದವರಿಗೆ ‘ಇದನ್ನು ಅತ್ತೆಗೆ ಕಳಿಸಲಾ?’ ಎಂದರೆ ಸಾಕು. ಬೇಡ ಎಂದಾಗ ನಿಜವಾಗಿ ಕಳಿಸಬೇಡಿ, ಇಲ್ಲದಿದ್ದರೆ ಕೇಳಿದ್ದು ನಾಟಕವಾಗುತ್ತದೆ. ಎಂಟು ಹತ್ತರ ಹೊತ್ತಿಗೆ ಎಲ್ಲಿ, ಯಾರಿಗೆ ಕಾಣುತ್ತದೆ ಎಂಬುದನ್ನೂ ಹೇಳಬೇಕು. ಹನ್ನೆರಡು ದಾಟಿದವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹಾಕಲೇಬಾರದು ಎಂಬುದು ನನ್ನ ಅಭಿಪ್ರಾಯ.

ಮಗಳ ರೀಲ್ಸ್‌ಗೆ ಹಣ ಬರಲು ಶುರುವಾಗಿದೆ. ಮುಂದುವರಿಸಬಹುದೇ?

ಹಣ ಬಂದ ಕ್ಷಣದಿಂದ ಅದು ಆಟವಲ್ಲ, ದುಡಿಮೆ. ಸಿನಿಮಾ, ಜಾಹೀರಾತುಗಳಲ್ಲಿ ದುಡಿಯುವ ಬಾಲ ಕಲಾವಿದರಿಗೆ ಬಾಲಕಾರ್ಮಿಕ ಕಾನೂನಿನ 2017ರ ತಿದ್ದುಪಡಿ ನಿಯಮಗಳು ಕೆಲವು ಕಟ್ಟು ಹಾಕಿವೆ: ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ 3 ಗಂಟೆ ಮೀರಬಾರದು, ಗಳಿಕೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು. ಮನೆಯಲ್ಲೇ ರೀಲ್ಸ್ ಮಾಡುವವರು ಇದನ್ನು ಕನಿಷ್ಠ ಅಳತೆಗೋಲಾಗಿ ಇಟ್ಟುಕೊಳ್ಳಲಿ. ನೂರು ಶೇಕಡಾ ಅವಳ ಹೆಸರಿಗೇ ಇಟ್ಟರೆ ಇನ್ನೂ ಮೇಲು. ಇವತ್ತು ಬೇಡ ಎಂದು ಮಗು ಹೇಳಿದ ದಿನ ಚಿತ್ರೀಕರಣ ನಿಲ್ಲುತ್ತದೆಯೇ? ಈ ಪ್ರಶ್ನೆಗೆ ನೀವು ತಡವರಿಸಿದರೆ ನಿಲ್ಲಿಸಿ.

## ಕಾನೂನು, ಕೆಟ್ಟದ್ದು ನಡೆದಾಗ

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇದೆಯೇ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಸಂಸ್ಥೆಗಳು ಪೋಷಕರಿಂದ ಪರಿಶೀಲಿಸಬಹುದಾದ ಒಪ್ಪಿಗೆ ಪಡೆಯಬೇಕು; ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳನ್ನು ಜಾರಿಗೆ ತರಲು 18 ತಿಂಗಳ ಕಾಲಾವಕಾಶ ಕೊಟ್ಟಿವೆ.

ಆದರೆ ವ್ಯಕ್ತಿಯೊಬ್ಬ ತನ್ನ ಸ್ವಂತಕ್ಕೆ, ಮನೆಮಟ್ಟಿಗೆ ಮಾಡುವುದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಅಪ್ಪ ಅಮ್ಮನಿಂದ ಮಗುವನ್ನು ಕಾಯುವ ಸಾಲು ಇದರಲ್ಲಿಲ್ಲ. ಫ್ರಾನ್ಸಿನಲ್ಲಿ 2024ರ ಫೆಬ್ರವರಿಯಲ್ಲಿ ಬಂದ ಕಾನೂನು, ಮಗುವಿನ ಚಿತ್ರದ ಹಕ್ಕನ್ನು ಕಾಪಾಡುವುದು ತಂದೆ ತಾಯಿ ಇಬ್ಬರ ಜಂಟಿ ಹೊಣೆ ಎಂದೇ ಬರೆದಿದೆ. ಇಲ್ಲಿ ಸದ್ಯಕ್ಕೆ ನಿಮ್ಮ ವಿವೇಕವೇ ಕಾಯ್ದೆ.

ಮಗಳ ಫೋಟೋ ತಿರುಚಿ ಹಣ ಕೇಳುತ್ತಿದ್ದಾರೆ. ಮೊದಲು ಏನು ಮಾಡಲಿ?

ಮಗಳನ್ನು ಬೈಯಬೇಡಿ. ಇದು ಮೊದಲನೆಯದು, ಉಳಿದದ್ದೆಲ್ಲ ಆಮೇಲೆ.

ಹಣ ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಬೆದರಿಕೆಯ ಸಂದೇಶ, ಕಳಿಸಿದವರ ಸಂಖ್ಯೆ, ಖಾತೆಯ ಕೊಂಡಿ, ದಿನ ವೇಳೆ ಉಳಿಸಿಕೊಂಡು ಆಮೇಲೆ ತಡೆಹಾಕಿ. ಆ ಚಿತ್ರವನ್ನು ಸಲಹೆ ಕೇಳಲೆಂದು ಭಾವನಿಗೋ ಪರಿಚಯದ ಪತ್ರಕರ್ತರಿಗೋ ಕಳಿಸಬೇಡಿ. ಮಕ್ಕಳ ಅಶ್ಲೀಲ ಚಿತ್ರವನ್ನು ರವಾನಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಲ್ಲಿ ಅಪರಾಧ, ಮೊದಲ ಬಾರಿಗೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಪೊಲೀಸರಿಗೆ ಫೋನಿನಲ್ಲೇ ತೋರಿಸಿ.

ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು, ವ್ಯಾಪ್ತಿ ತಮ್ಮದಲ್ಲ ಎಂಬ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಇರುವ ಸಿಇಎನ್ ಠಾಣೆ ಶಿವಮೊಗ್ಗದಲ್ಲಿದೆ. ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಲೈಂಗಿಕ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಸಾಮಾಜಿಕ ಜಾಲತಾಣದ ದೂರು ಅಧಿಕಾರಿಗೂ ಬರೆಯಿರಿ. ನಗ್ನ ಅಥವಾ ತಿರುಚಿದ ಚಿತ್ರದ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳೇ ಗಡುವು ಹಾಕಿದ್ದವು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ. ಚಿತ್ರವನ್ನು ಅವರಿಗೆ ಕಳಿಸಬೇಕಾಗಿಲ್ಲ. ನಿಮ್ಮ ಫೋನಿನಲ್ಲೇ ಅದರ ಒಂದು ಬೆರಳಚ್ಚು ಸಂಖ್ಯೆ ತಯಾರಾಗುತ್ತದೆ, ಸೇರಿಕೊಂಡಿರುವ ಜಾಲತಾಣಗಳು ಅದನ್ನು ಹಿಡಿದು ಹುಡುಕಿ ತೆಗೆಯುತ್ತವೆ. ವಾಟ್ಸಾಪಿನಂಥ ಬೀಗದೊಳಗಿನ ಸಂದೇಶಗಳಿಗೆ ಮಾತ್ರ ಅದು ಕೈಯಿಡಲಾರದು.

ಊರಿನ ಮಗುವಿಗೆ ಅನ್ಯಾಯವಾಗಿದೆ. ನ್ಯಾಯ ಸಿಗಲಿ ಎಂದು ಅವಳ ಫೋಟೋ ಹಂಚುವುದು ತಪ್ಪೇ?

ತಪ್ಪು, ಅಪರಾಧವೂ ಹೌದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಯ 23ನೇ ಕಲಮಿನ ಪ್ರಕಾರ ಮಗುವಿನ ಹೆಸರು, ಫೋಟೋ, ವಿಳಾಸ ಮಾತ್ರವಲ್ಲ, ಕುಟುಂಬ, ಶಾಲೆ, ನೆರೆಹೊರೆಯ ವಿವರವನ್ನೂ ಬಯಲು ಮಾಡುವಂತಿಲ್ಲ. ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲಾಗಬಹುದು. ಐವತ್ತು ಮನೆಗಳ ಊರಿನಲ್ಲಿ ‘ಇಂಥ ಶಾಲೆಯ ಆರನೇ ತರಗತಿಯ ವಿದ್ಯಾರ್ಥಿನಿ’ ಎಂದರೆ ಫೋಟೋ ಹಾಕಿದಷ್ಟೇ ಸ್ಪಷ್ಟ. ಗ್ರೂಪಿನಲ್ಲಿ ಬಂದಿದ್ದರೆ ಅಳಿಸಲು ಹೇಳಿ, ಗ್ರೂಪಿನ ಅಡ್ಮಿನ್‌ಗೆ ತಿಳಿಸಿ.

ಇಷ್ಟೆಲ್ಲ ಹೇಳುತ್ತೀರಿ. ನಿಮ್ಮ ಸ್ಟುಡಿಯೋದಲ್ಲಿರುವ ನಮ್ಮ ಮಕ್ಕಳ ಫೋಟೋ ಏನಾಗುತ್ತದೆ?

ಕೇಳಬೇಕಾದ ಪ್ರಶ್ನೆ, ಕೇಳಿದವರು ಇದುವರೆಗೆ ಮೂರು ಜನ. ನೆಗೆಟಿವ್ ಕಾಲದಲ್ಲಿ ಅವು ನನ್ನ ಮೇಜಿನ ಸೆಳೆಖಾನೆಯಲ್ಲಿದ್ದವು, ಬೀಗದ ಕೈ ನನ್ನ ಉಡಿದಾರದಲ್ಲಿತ್ತು. ಈಗ ಹಾರ್ಡ್ ಡಿಸ್ಕಿನಲ್ಲಿವೆ. ಆಲ್ಬಮ್ ಕೊಟ್ಟು ಒಂದು ವರ್ಷ ಇಟ್ಟುಕೊಂಡು, ಫೋನ್ ಮಾಡಿ ತಿಳಿಸಿ ಅಳಿಸುತ್ತೇನೆ. ಪಾಸ್‌ಪೋರ್ಟ್ ಚಿತ್ರಗಳು ವಾರದ ಕೊನೆಗೆ ಹೋಗುತ್ತವೆ. ರಸೀದಿಯ ಹಿಂದೆ ಎರಡು ಚೌಕ ಅಚ್ಚು ಹಾಕಿಸಿದ್ದೇನೆ: ಪ್ರಚಾರಕ್ಕೆ ಬಳಸಬಹುದು, ಬಳಸಬಾರದು. ಆರು ದಾಟಿದ ಮಗುವಾದರೆ ಪೆನ್ನನ್ನು ಅದರ ಕೈಗೇ ಕೊಡುತ್ತೇನೆ. ಬಾಗಿಲ ಗಾಜಿನ ಪೆಟ್ಟಿಗೆಯಲ್ಲಿ ಈಗ ತುಂಗೆಯ ಮೇಲಿನ ಮಂಜು, ಸಕ್ರೆಬೈಲಿನ ಆನೆ, ಮತ್ತು ತಾನಿರಲಿ ಎಂದು ಹಟ ಹಿಡಿದು ಚೌಕಕ್ಕೆ ಗುರುತು ಹಾಕಿದ ಏಳು ವರ್ಷದ ಒಬ್ಬ ಯಕ್ಷಗಾನದ ಬಾಲಗೋಪಾಲ ಇದ್ದಾರೆ. ಅವನಿಗೆ ಬೇಸರವಾದ ದಿನ ತೆಗೆಯುತ್ತೇನೆ ಎಂದು ಹೇಳಿದ್ದೇನೆ. ತಿಂಗಳಿಗೊಮ್ಮೆ ಬಂದು ತಾನಿನ್ನೂ ಇದ್ದಾನೆಯೇ ಎಂದು ನೋಡಿಕೊಂಡು ಹೋಗುತ್ತಾನೆ.